ಹೊಗೆಯ ದಾರಿ ಯಾರ ಸ್ವತ್ತು?



ಈ ಸಲದ ಸಂಪಾದಕೀಯಕ್ಕೆ ಘಟ್ಟದ ರಸ್ತೆಗಳ ಅಗಲೀಕರಣವನ್ನು ಕುರಿತು ಬರೆಯಬೇಕೆಂದು ನಾವು ನಿಶ್ಚಯಿಸಿದ್ದೆವು. ಅಷ್ಟರಲ್ಲಿ ನಮ್ಮ ಹಳೆಯ ಓದುಗರೊಬ್ಬರಿಂದ ಪತ್ರ ಬಂತು. ಶೃಂಗೇರಿ ಸೀಮೆಯಲ್ಲಿ ಹುಟ್ಟಿ ಬೆಳೆದು, ಉದ್ಯೋಗನಿಮಿತ್ತ ಕ್ಯಾಲಿಫೋರ್ನಿಯಾ ಸೇರಿರುವ ಈ ಮಿತ್ರರು ಅಲ್ಲಿ ಒಂದು ಹಳೆಯ ಮೋಟರ್‌ಹೋಮ್ ಕೊಂಡಿದ್ದಾರೆ. ರಜೆ ಬಂದಾಗ ಪತ್ನಿ ಮತ್ತು ಇಬ್ಬರು ಮಕ್ಕಳೊಡನೆ ಸಿಯೆರಾ ನೆವಾಡಾ ಬೆಟ್ಟಗಳ ಕಡೆ ಹೊರಡುವುದು, ಕಾಡಿನ ಅಂಚಿನಲ್ಲಿ ರಾತ್ರಿ ಕಳೆಯುವುದು ಅವರ ಆಸೆ. 1989ರಲ್ಲಿ ತಯಾರಾದ ಆ ಗಾಡಿಯ ಎಂಜಿನ್ನಿಗೆ ಅಂಟಿಕೊಂಡಿರುವ ಹೊಗೆಯ ಮ್ಯಾನಿಫೋಲ್ಡು ಈಗ ಬಿರುಕುಬಿಟ್ಟಿದೆ. ಅದೇ ಬಗೆಯ ಬೀಡು ಕಬ್ಬಿಣದ ಭಾಗವನ್ನು ಮತ್ತೆ ಹಾಕಿಸಬಹುದು; ಇಲ್ಲವೇ ಬೇರೆ ತಯಾರಕರು ಮಾರುವ ಕೊಳವೆಗಳ ಜೋಡಣೆಯನ್ನು, ಅಂದರೆ ಅಲ್ಲಿನವರು ಹೆಡರ್ ಎನ್ನುವುದನ್ನು, ಕೊಂಡು ಕೂರಿಸಬಹುದು. ಎರಡನೆಯದರಿಂದ ಶಕ್ತಿ ಹೆಚ್ಚುತ್ತದೆ, ಪೆಟ್ರೋಲು ಉಳಿಯುತ್ತದೆ ಎಂದು ಗ್ಯಾರೇಜಿನವರು ಹೇಳಿದ್ದಾರಂತೆ. "ಪರಿಸರದ ದೃಷ್ಟಿಯಿಂದ ಯಾವುದು ಸರಿ? ನೀವು ಏನನ್ನುತ್ತೀರಿ?" ಎಂಬುದು ಮಿತ್ರರ ಪ್ರಶ್ನೆ.

ಪತ್ರವನ್ನು ಬಳಗದ ಸಭೆಯಲ್ಲಿ ಓದಿದಾಗ ಎರಡು ಪಕ್ಷಗಳಾದವು. ಲೀಟರಿಗೆ ಮೂರು ಕಿಲೋಮೀಟರ್ ಓಡುವ ಗಾಡಿಗೆ ಪರಿಸರದವರು ಸಲಹೆ ಕೊಡುವುದೇ ಅಪಹಾಸ್ಯ, ಗುಜರಿಗೆ ಹಾಕಿರೆಂದು ಒಂದು ಸಾಲು ಬರೆದು ಮುಗಿಸಿ ಎಂದರು ಕೆಲವರು. ಪ್ರಶ್ನೆ ಪ್ರಾಮಾಣಿಕವಾದದ್ದು, ಉತ್ತರವೂ ಹಾಗೆಯೇ ಇರಬೇಕು ಎಂದರು ಉಳಿದವರು. ನಾವು ಎರಡನೆಯ ಪಕ್ಷಕ್ಕೆ ಸೇರಿದೆವು. ಅದಕ್ಕೆ ಕಾರಣ ನಮ್ಮದೇ ಜೀಪು. ಆ ಕಥೆಗೆ ಮುಂದೆ ಬರುತ್ತೇವೆ.

ಮೋಟರ್‌ಹೋಮ್ ಎಂದರೆ ಲಾರಿಯ ಚಾಸಿಯ ಮೇಲೆ ಕಟ್ಟಿದ ಪುಟ್ಟ ಮನೆ. ಮಲಗುವ ಮಂಚ, ಅಡುಗೆಯ ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಅದರೊಳಗೇ ಇರುತ್ತವೆ. 1970ರಿಂದ 1990ರ ದಶಕದವರೆಗೆ ಅಮೆರಿಕದಲ್ಲಿ ಇಂಥ ಗಾಡಿಗಳಲ್ಲಿ ಹಲವು ಷೆವ್ರೊಲೆ ಇಲ್ಲವೇ ಫೋರ್ಡ್ ಚಾಸಿಯ ಮೇಲೆ ಬಂದವು. ಷೆವ್ರೊಲೆಯ 7.4 ಲೀಟರ್, ಫೋರ್ಡಿನ 7.5 ಲೀಟರ್ ಗಾತ್ರದ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನುಗಳು ಅವನ್ನು ಎಳೆಯುತ್ತಿದ್ದವು. ನಮ್ಮ ಊರಿನ ಸಣ್ಣ ಕಾರುಗಳ ಎಂಜಿನ್ನು ಒಂದು ಲೀಟರಿನ ಆಸುಪಾಸಿನದು ಎಂಬುದನ್ನು ನೆನೆದರೆ ಈ ಗಾತ್ರದ ಅಂದಾಜು ಸಿಗುತ್ತದೆ.

ಇಂಥ ಎಂಜಿನ್ನಿನ ಎರಡೂ ಮಗ್ಗುಲಲ್ಲಿ ನಾಲ್ಕು ನಾಲ್ಕು ಸಿಲಿಂಡರುಗಳ ಬಾಯಿಂದ ಬರುವ ಉರಿಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆಗೆ ಕಳುಹಿಸುವ ಬೀಡಿನ ಭಾಗವೇ ಮ್ಯಾನಿಫೋಲ್ಡು. ಅದು ಬಿರುಕುಬಿಡುವುದಕ್ಕೆ ಕಾರಣ ಸರಳ. ಕಾರಿನ ಎಂಜಿನ್ನು ಪೂರ್ಣಶಕ್ತಿಯಿಂದ ದುಡಿಯುವುದು ಅಪರೂಪ. ಟನ್ನುಗಟ್ಟಲೆ ಭಾರದ ಮನೆಯನ್ನು ಹೊತ್ತ ಎಂಜಿನ್ನು ಏರಿನಲ್ಲಿ ಅರ್ಧ ಗಂಟೆಗಟ್ಟಲೆ ಹಾಗೆ ದುಡಿಯಬೇಕು. ಎಂಜಿನ್ನು ಇರುವುದು ಇಕ್ಕಟ್ಟಾದ ಗೂಡಿನಲ್ಲಿ. ಗಾಡಿಯ ವೇಗವೂ ಕಡಿಮೆಯಾಗಿರುವುದರಿಂದ ತಂಗಾಳಿ ಸಾಲದು. ಬೀಡು ಕಬ್ಬಿಣ ಕೆಂಪಗೆ ಕಾಯುತ್ತದೆ, ತಂಗಿದಾಗ ಆರುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಕೆಲವು ವರ್ಷ ಕಳೆದ ಮೇಲೆ ಅದು ಸೊಟ್ಟಗಾಗಿ, ಎಂಜಿನ್ನಿಗೆ ಬಿಗಿದ ಬೋಲ್ಟುಗಳನ್ನು ಕತ್ತರಿಸಿಬಿಡುತ್ತದೆ, ಇಲ್ಲವೇ ತಾನೇ ಸೀಳುತ್ತದೆ. ಬೆಳಿಗ್ಗೆ ಎಂಜಿನ್ನು ಚಾಲೂ ಮಾಡಿದಾಗ ಟಿಕ್ ಟಿಕ್ ಎಂಬ ಸದ್ದು ಕೇಳಿ, ಕಾದ ಮೇಲೆ ಲೋಹ ಹಿಗ್ಗಿ ಆ ಸದ್ದು ಅಡಗಿದರೆ ರೋಗ ಇದೇ ಎಂದು ಮೆಕ್ಯಾನಿಕರು ಗುರುತಿಸುತ್ತಾರೆ. ಸದ್ದು ಅಡಗಿತೆಂದು ಮಾಲೀಕರು ಸುಮ್ಮನಾಗುತ್ತಾರೆ. ಅಪಾಯ ಅಲ್ಲಿಂದ ಶುರುವಾಗುತ್ತದೆ.

ನಮ್ಮ ಜೀಪಿನಲ್ಲಿಯೂ ಆದದ್ದು ಇದೇ. ಸಸಿ ಸಾಗಿಸಲು, ಶಾಲಾಮಕ್ಕಳನ್ನು ಕಾಡು ತೋರಿಸಲು ಕರೆದೊಯ್ಯುವುದಕ್ಕೆ ನಾವು ಬಳಸುವ ಆ ಹಳೆಯ ಗಾಡಿಯ ಹೊಗೆಕೊಳವೆ ಬುಡದಲ್ಲಿಯೇ ಸೀಳಿತ್ತು. ಮಳೆಗಾಲ ಮುಗಿಯಲಿ, ವೆಲ್ಡಿಂಗ್ ಮಾಡಿಸೋಣ ಎಂದು ಮುಂದೂಡಿದೆವು. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ತಲೆನೋವು, ವಾಕರಿಕೆ ಎಂದಾಗ ಘಟ್ಟದ ತಿರುವುಗಳ ಮೇಲೆ ತಪ್ಪು ಹೊರಿಸಿದೆವು. ಮಳೆಗೆಂದು ನಾಲ್ಕೂ ಕಡೆ ಟಾರ್ಪಾಲು ಇಳಿಬಿಟ್ಟು, ಹೊಗೆಯನ್ನು ಮಕ್ಕಳ ಜೊತೆಗೇ ಮುಚ್ಚಿಟ್ಟುಕೊಂಡು, ಶುದ್ಧ ಗಾಳಿಯ ಮಹತ್ವವನ್ನು ಅವರಿಗೆ ಬೋಧಿಸಲು ಹೋಗುತ್ತಿದ್ದೆವು! ಒಂದು ದಿನ ಒಬ್ಬ ತಾಯಿ ಮಗುವಿನ ಬಟ್ಟೆಯನ್ನು ಮೂಸಿ ನೋಡಿ, "ಇದೆಂಥ ವಾಸನೆ, ಸ್ವಾಮಿ?" ಎಂದು ಕೇಳಿದ ಮೇಲೆ ನಮಗೆ ಬುದ್ಧಿ ಬಂತು. ಈ ಲೇಖನದಲ್ಲಿ ಉಪದೇಶದ ಧಾಟಿ ಎಲ್ಲಾದರೂ ಕಂಡರೆ, ಅದು ಮೊದಲು ನಮಗೇ ಹೇಳಿಕೊಂಡದ್ದೆಂದು ಓದುಗರು ಭಾವಿಸಬೇಕು.

ಹಾಗಾದರೆ ಹೆಡರ್ ಎಂದರೇನು? ಬೀಡಿನ ಒಂದೇ ಪೊಟರೆಗೆ ನಾಲ್ಕು ಸಿಲಿಂಡರುಗಳ ಹೊಗೆಯನ್ನು ನುಗ್ಗಿಸುವ ಬದಲು, ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಉಕ್ಕಿನ ಕೊಳವೆ ಕೊಟ್ಟು, ಮುಂದೆ ಒಂದು ಸಂಗಮದಲ್ಲಿ ಅವನ್ನು ಕೂಡಿಸುವ ಏರ್ಪಾಟು ಅದು. ಒಂದು ಕೊಳವೆಯಲ್ಲಿ ರಭಸದಿಂದ ಸಾಗುವ ಹೊಗೆ ತನ್ನ ಹಿಂದೆ ಒತ್ತಡವನ್ನು ತಗ್ಗಿಸಿ, ಮುಂದಿನ ಸಿಲಿಂಡರಿನ ಹೊಗೆಯನ್ನು ಸೆಳೆದುಕೊಳ್ಳುತ್ತದೆ. ಹೊಗೆಯನ್ನು ಹೊರದಬ್ಬಲು ಎಂಜಿನ್ನು ಪಡುವ ಶ್ರಮ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ತತ್ವದಲ್ಲಿ ದೋಷವಿಲ್ಲ. ಮೋಟರ್‌ಹೋಮುಗಳಿಗೆಂದೇ ಇಂಥವನ್ನು ಮಾಡಿದ ಬ್ಯಾಂಕ್ಸ್, ಥಾರ್ಲಿ ಮೊದಲಾದ ಹೆಸರುಗಳು ಆ ಗಾಡಿಗಳ ಮಾಲೀಕರಲ್ಲಿ ದಶಕಗಳಿಂದ ಪರಿಚಿತ. ಏರಿನಲ್ಲಿ ಎಳೆಯುವ ಬಲ ತುಸು ಹೆಚ್ಚುವುದೂ ನಿಜ.

ಆದರೆ ಎಷ್ಟು ಹೆಚ್ಚೀತು ಎಂಬುದನ್ನು ಸಮಚಿತ್ತದಿಂದ ನೋಡಬೇಕು. ಮಿತ್ರರು ಹೋಗಬೇಕೆಂದಿರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟಿಯೋಗಾ ಕಣಿವೆದಾರಿ ಸಮುದ್ರಮಟ್ಟದಿಂದ ಸುಮಾರು 3,030 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರ. ಪ್ರತಿ 300 ಮೀಟರ್ ಏರಿದಂತೆ ಇಂಥ ಎಂಜಿನ್ನು ತನ್ನ ಶಕ್ತಿಯಲ್ಲಿ ಸುಮಾರು ಶೇಕಡಾ 3ರಷ್ಟನ್ನು ಕಳೆದುಕೊಳ್ಳುತ್ತದೆ. ಟಿಯೋಗಾ ತಲಪುವ ಹೊತ್ತಿಗೆ ನಷ್ಟ ಶೇಕಡಾ 30ರ ಹತ್ತಿರ. ತೆಳುಗಾಳಿಯಿಂದಾದ ಈ ಕೊರತೆಯನ್ನು ಯಾವ ಕೊಳವೆಯೂ ತುಂಬಿಕೊಡಲಾರದು. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಏರುವುದು, ಹಿಂದಿನವರಿಗೆ ದಾರಿ ಬಿಟ್ಟು ಬದಿಗೆ ನಿಲ್ಲುವುದು, ಇದಕ್ಕೆ ಹಣ ಬೇಕಾಗಿಲ್ಲ.

ಇಂಧನದ ಲೆಕ್ಕವನ್ನೂ ಮಾಡೋಣ. ಗಾಡಿ ವರ್ಷಕ್ಕೆ 5,000 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 3 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಂಡರೆ ಸುಮಾರು 1,670 ಲೀಟರ್ ಪೆಟ್ರೋಲು ಬೇಕು. ಒಂದು ಲೀಟರ್ ಪೆಟ್ರೋಲು ಉರಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡು ಸುಮಾರು 2.3 ಕಿಲೋಗ್ರಾಂ. ಅಂದರೆ ವರ್ಷಕ್ಕೆ 3.8 ಟನ್ನು. ಹೆಡರಿನಿಂದ ಶೇಕಡಾ 5ರಷ್ಟು ಮೈಲೇಜು ಹೆಚ್ಚುವುದೆಂದು ಉದಾರವಾಗಿಯೇ ಒಪ್ಪಿಕೊಂಡರೂ ಉಳಿಯುವುದು 80 ಲೀಟರ್. ಅದೇ ಒಂದು ಸಾವಿರ ಕಿಲೋಮೀಟರಿನ ಓಡಾಟವನ್ನು ಬಿಟ್ಟು, ಹತ್ತಿರದ ಒಂದೇ ಜಾಗದಲ್ಲಿ ನಾಲ್ಕು ದಿನ ಹೆಚ್ಚು ತಂಗಿದರೆ ಉಳಿಯುವುದು 330 ಲೀಟರಿಗೂ ಹೆಚ್ಚು. ಪೆಟ್ರೋಲು ಉಳಿಸಲೆಂದೇ ನೂರಾರು ಡಾಲರ್ ಕೊಟ್ಟು ಹೆಡರ್ ಕೊಳ್ಳುವುದರಲ್ಲಿ ಅರ್ಥವಿಲ್ಲ ಎಂಬುದು ಇದರಿಂದ ಸ್ಪಷ್ಟ. ಬಿರುಕು ಮುಚ್ಚಲೇಬೇಕಾದಾಗ ಅದೂ ಒಂದು ಮಾರ್ಗ, ಅಷ್ಟೇ.

ಬಿರುಕನ್ನಂತೂ ಮುಚ್ಚಲೇಬೇಕು. ಈ ಗಾಡಿಗಳಲ್ಲಿ ಎಂಜಿನ್ನಿನ ಮುಚ್ಚಳ ಇರುವುದು ಹೊರಗಲ್ಲ; ಚಾಲಕನ ಸೀಟಿನ ಪಕ್ಕದಲ್ಲಿ, ಮನೆಯ ಒಳಗೆ. ಅದರ ಅಂಚಿನ ರಬ್ಬರು ಹಳತಾಗಿದ್ದರೆ ಸೋರಿದ ಹೊಗೆ ನೇರವಾಗಿ ಮಕ್ಕಳು ಕೂರುವ ಕೋಣೆಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವಾಗದ ನಿದ್ದೆ. ಸೋರಿಕೆಯ ಇನ್ನೊಂದು ಕೆಡುಕೂ ಉಂಟು. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಇಂಧನದ ಪ್ರಮಾಣ ನಿಗದಿಮಾಡುವ ಸೆನ್ಸರ್ ಇರುವ ಎಂಜಿನ್ನುಗಳಲ್ಲಿ, ಬಿರುಕಿನಿಂದ ಒಳನುಗ್ಗುವ ಹೊರಗಾಳಿ ಆ ಸೆನ್ಸರನ್ನು ದಾರಿತಪ್ಪಿಸುತ್ತದೆ. ಪೆಟ್ರೋಲು ಸಾಲದೆಂದು ಅದು ತಿಳಿಯುತ್ತದೆ. ಎಂಜಿನ್ನು ಬೇಡದ ಪೆಟ್ರೋಲನ್ನು ಸುರಿಯುತ್ತದೆ.

ಇನ್ನು ಕಾನೂನಿನ ಮಾತು. ನಮ್ಮ ಉತ್ತರದ ತಿರುಳು ಇರುವುದು ಇಲ್ಲಿಯೇ. ಅಮೆರಿಕದ 1970ರ ಶುದ್ಧಗಾಳಿ ಕಾಯಿದೆ ವಾಹನ ತಯಾರಕರ ಕೈ ಕಟ್ಟಿತು. ಅಲ್ಲಿನ ಕಾರುಗಳಿಗೆ 1975ರ ಮಾದರಿಗಳಿಂದ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಆದರೆ ಕೊಂಡವನು ಮನೆಗೆ ತಂದು ಅದನ್ನು ಬಿಚ್ಚಿ ಎಸೆದರೆ? ಮಾಲಿನ್ಯ ತಡೆಯುವ ಭಾಗಗಳನ್ನು ಯಾವ ವ್ಯಕ್ತಿಯೂ ಕಿತ್ತುಹಾಕಕೂಡದು, ನಿಷ್ಕ್ರಿಯಗೊಳಿಸಕೂಡದು ಎಂದು ಮಾಲೀಕನನ್ನೂ ಸೇರಿಸಿಕೊಂಡು ಹೇಳಿದ್ದು 1990ರ ತಿದ್ದುಪಡಿ. ಕ್ಯಾಲಿಫೋರ್ನಿಯಾದ ನಿಯಮ ಇನ್ನೂ ಬಿಗಿ. ಮೂಲಭಾಗಕ್ಕೆ ಸರಿಸಮನಾದ ಬದಲಿ ಭಾಗ ಹಾಕಲು ಅಡ್ಡಿಯಿಲ್ಲ. ಹೆಡರಿನಂಥ ಮಾರ್ಪಾಟಿಗೆ ಮಾತ್ರ ಆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಅನುಮೋದನೆ ಬೇಕು. ಪರೀಕ್ಷೆಯಲ್ಲಿ ಗೆದ್ದ ಭಾಗಕ್ಕೆ ಮಂಡಳಿ ಒಂದು ಆದೇಶಸಂಖ್ಯೆ ಕೊಡುತ್ತದೆ. ಯಾವ ವರ್ಷದ, ಯಾವ ಎಂಜಿನ್ನಿಗೆ ಅದು ಸಲ್ಲುತ್ತದೆಂಬುದೂ ಆದೇಶದಲ್ಲಿರುತ್ತದೆ. 1976ರಿಂದ ಈಚಿನ ಪೆಟ್ರೋಲ್ ಗಾಡಿಗಳು ಅಲ್ಲಿ ಹೊಗೆ ತಪಾಸಣೆಗೆ ಒಳಪಡುತ್ತವೆ. ಸಂಖ್ಯೆಯಿಲ್ಲದ ಹೆಡರ್ ಇದ್ದರೆ, ಹೊಗೆ ಶುದ್ಧವಾಗಿದ್ದರೂ ಗಾಡಿ ಅನುತ್ತೀರ್ಣ.

ಇದು ಅತಿಯಾಯಿತು, ನನ್ನ ಗಾಡಿ ನನ್ನ ಇಷ್ಟ ಎನ್ನುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಗಾಡಿಯ ಬಣ್ಣ, ಪರದೆ, ಹಾಸಿಗೆ ನಿಶ್ಚಯವಾಗಿ ಮಾಲೀಕರ ಇಷ್ಟ. ಹೊಗೆಕೊಳವೆಯ ಬಾಯಿ ಮಾತ್ರ ಹಿಂದಿನವರ ಕಡೆಗೆ ತೆರೆದಿರುತ್ತದೆ. ಅದರಿಂದ ಹೊರಬಿದ್ದದ್ದನ್ನು ಚಾಲಕ ಕಾಣುವುದಿಲ್ಲ, ಉಸಿರಾಡುವುದಿಲ್ಲ. ರಸ್ತೆಬದಿಯಲ್ಲಿ ನಡೆಯುವವರು, ಕಣಿವೆಯಲ್ಲಿ ಮನೆ ಮಾಡಿಕೊಂಡವರು, ಮರಗಿಡ ಪಶುಪಕ್ಷಿಗಳು ಉಸಿರಾಡುತ್ತವೆ. ಹೊಳೆಯ ಮೇಲಿನ ತೋಟದವನು ನೀರು ಬಿಡುವಾಗ ಕೆಳಗಿನ ತೋಟವನ್ನು ನೆನೆಯಬೇಕೆಂಬ ಮರ್ಯಾದೆ ನಮ್ಮ ಹಿರಿಯರಲ್ಲಿತ್ತು. ಗಾಳಿಗೂ ಅದೇ ಮರ್ಯಾದೆ ಸಲ್ಲಬೇಕು.

ಸದ್ದಿನ ವಿಷಯವೂ ಹೀಗೆಯೇ. ತೆಳು ಉಕ್ಕಿನ ಕೊಳವೆಗಳು ದಪ್ಪ ಬೀಡಿನಷ್ಟು ಸದ್ದನ್ನು ನುಂಗವು. ಹೆಡರ್ ಹಾಕಿಸಿದವರು ಅದರ ಜೊತೆಗೆ ಸೈಲೆನ್ಸರನ್ನೂ ಬದಲಿಸಿಬಿಟ್ಟರೆ ಕಾಡಿನ ನಿಶ್ಶಬ್ದವನ್ನು ಅರಸಿ ಹೊರಟ ಗಾಡಿಯೇ ಅದನ್ನು ಕೆಡಿಸುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ವಾಹನವಾಗಲಿ ಜನರೇಟರಾಗಲಿ 50 ಅಡಿ ದೂರದಲ್ಲಿ 60 ಡೆಸಿಬಲ್ ಮೀರಿ ಸದ್ದು ಮಾಡಕೂಡದೆಂಬ ನಿಯಮವಿದೆ. ನಮ್ಮಲ್ಲಿಯೂ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವುದನ್ನು ನಿಷೇಧಿಸುತ್ತದೆ; ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಮಾರ್ಪಡಿಸಿದ ಸೈಲೆನ್ಸರುಗಳನ್ನು ಬೀದಿಯಲ್ಲಿ ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹಾಯಿಸಿದ ಚಿತ್ರಗಳನ್ನು ರಾಜ್ಯದ ಹಲವು ಊರುಗಳಿಂದ ನಾವು ಕಂಡಿದ್ದೇವೆ. ಆದರೂ ವಾರಾಂತ್ಯ ಬಂತೆಂದರೆ ಚಾರ್ಮಾಡಿಯ ತಿರುವುಗಳಲ್ಲಿ ಬೈಕುಗಳ ಆರ್ಭಟ ನಿಂತಿಲ್ಲ. ರೋಲರಿನ ಕೆಳಗೆ ನಜ್ಜುಗುಜ್ಜಾದದ್ದು ಕೊಳವೆ ಮಾತ್ರ. ಅದನ್ನು ಕೊಳ್ಳುವ ಅಭಿರುಚಿ ಹಾಗೆಯೇ ಉಳಿದಿದೆ.

ಈಗ ಗುಜರಿಯ ವಾದಕ್ಕೆ ಮರಳೋಣ. ಹಳೆಯ ಗಾಡಿ ಹೆಚ್ಚು ಹೊಗೆಯುಗುಳುತ್ತದೆ ಎಂಬುದು ದಿಟ. ದಿನವೂ ಓಡುವ ಬಸ್ಸು, ಲಾರಿಯಾಗಿದ್ದರೆ ನಾವು ಆ ವಾದವನ್ನೇ ಒಪ್ಪುತ್ತಿದ್ದೆವು. ವರ್ಷದಲ್ಲಿ ಕೆಲವೇ ವಾರ ಚಲಿಸುವ ಗಾಡಿಯ ಲೆಕ್ಕ ಬೇರೆ. ಅದರ ಫೈಬರ್ ಗ್ಲಾಸ್ ಒಡಲನ್ನು ಕರಗಿಸಿ ಮರುಬಳಸುವುದು ಸುಲಭವಲ್ಲ. ಅದರ ಜಾಗಕ್ಕೆ ಬರುವ ಹೊಸ ಗಾಡಿಗೂ ಗಣಿಯ ಅದಿರು, ಕುಲುಮೆಯ ಕಲ್ಲಿದ್ದಲು ಬೇಕೇ ಬೇಕು. ಗಣಿ ಎಂಬ ಮಾತು ಕುದುರೆಮುಖದ ಮಗ್ಗುಲಲ್ಲಿ ಬಾಳುವ ನಮಗೆ ಬರಿಯ ಮಾತಲ್ಲ. ಇರುವುದನ್ನು ದುರಸ್ತಿ ಮಾಡಿ ಬಳಸುವುದು ನಮ್ಮ ಹಳ್ಳಿಗಳ ಹಳೆಯ ವಿವೇಕ. ಆದರೆ ದುರಸ್ತಿ ಎಂಬ ಹೆಸರಿನಲ್ಲಿ ಹೊಗೆಯನ್ನೂ ಸದ್ದನ್ನೂ ಹೆಚ್ಚಿಸಿದರೆ ಆ ವಿವೇಕಕ್ಕೆ ಮಸಿ ಬಳಿದಂತೆ.

ಹಾಗಾಗಿ ಮಿತ್ರರಿಗೆ ನಮ್ಮ ಉತ್ತರ ಹೀಗಿದೆ. ಮೊದಲ ಆಯ್ಕೆ, ಮೂಲದಂತೆಯೇ ಇರುವ ಬೀಡಿನ ಮ್ಯಾನಿಫೋಲ್ಡು. ಅದು ಸದ್ದನ್ನು ತಡೆಯುತ್ತದೆ, ಕಾನೂನಿನ ತೊಡಕಿಲ್ಲ, ಹೊಸದಿಲ್ಲವಾದರೆ ಗುಜರಿಯಂಗಳದಲ್ಲಿ ಒಳ್ಳೆಯದೊಂದು ಸಿಕ್ಕೀತು. ಅದು ದೊರೆಯದಿದ್ದರೆ, ಇಲ್ಲವೇ ಪದೇ ಪದೇ ಸೀಳುತ್ತಿದ್ದರೆ ಹೆಡರ್ ಕೊಳ್ಳಿ. ಕೊಳ್ಳುವ ಮೊದಲು ಆದೇಶಸಂಖ್ಯೆ ನಿಮ್ಮ ಗಾಡಿಯ ವರ್ಷ, ಎಂಜಿನ್ನು, ಚಾಸಿಗೆ ಒಪ್ಪುತ್ತದೆಯೇ ನೋಡಿ. ಹೊಗೆಗೆ ಗಾಳಿ ಊಡುವ ಪಂಪಿನ ಕೊಳವೆ, ಸೆನ್ಸರ್ ಕೂರುವ ರಂಧ್ರ, ಮೂಲದಲ್ಲಿದ್ದವೆಲ್ಲ ಅದರಲ್ಲಿಯೂ ಇರಬೇಕು. ಅಗ್ಗವೆಂದು ತೆಳುವಾದ ಕೊಳವೆ ಕೊಂಡರೆ ಕೆಲವೇ ವರ್ಷಗಳಲ್ಲಿ ತುಕ್ಕು ತಿನ್ನುತ್ತದೆ. ದಪ್ಪ ಚಾಚುಪಟ್ಟಿಯಿರುವ, ಒಳಗೂ ಹೊರಗೂ ಸೆರಾಮಿಕ್ ಲೇಪವಿರುವುದು ಬಾಳುತ್ತದೆ. ಶಾಖ ತಡೆಯಲೆಂದು ಸುತ್ತುವ ಬಟ್ಟೆಪಟ್ಟಿ ತೇವವನ್ನು ಹಿಡಿದಿಟ್ಟು ಮಾಮೂಲಿ ಉಕ್ಕನ್ನು ಬೇಗ ಕೊಳೆಸುತ್ತದೆ.

ಕೂರಿಸುವ ಕೆಲಸಕ್ಕೆ ಅವಸರ ಸಲ್ಲದು. ಮೂವತ್ತೈದು ವರ್ಷದ ಬೋಲ್ಟುಗಳಿಗೆ ಹಲವು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಕುಡಿಸಬೇಕು. ಬಲವಂತ ಮಾಡಿದರೆ ಅವು ಎಂಜಿನ್ನಿನ ತಲೆಯೊಳಗೇ ಮುರಿಯುತ್ತವೆ. ಅಷ್ಟು ಭಾರದ ಗಾಡಿಯ ಕೆಳಗೆ ಜ್ಯಾಕನ್ನೊಂದೇ ನಂಬಿ ಮಲಗಬಾರದು. ಗಟ್ಟಿ ಊರೆ ಕೊಡಬೇಕು. ಜೋಡಿಸುವ ಮುಖ ಸಮತಟ್ಟಾಗಿದೆಯೇ ನೋಡಿ ಹೊಸ ಗ್ಯಾಸ್ಕೆಟ್ ಇಡಬೇಕು. ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ ಹಂತಹಂತವಾಗಿ ಬಿಗಿದು, ಎಂಜಿನ್ನು ಒಮ್ಮೆ ಕಾದು ಆರಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಪ್ಲಗ್ಗಿನ ತಂತಿ, ಬ್ರೇಕಿನ ನಳಿಗೆ, ಪೆಟ್ರೋಲಿನ ನಳಿಗೆ ಬಿಸಿ ಕೊಳವೆಯಿಂದ ದೂರವಿರಬೇಕು. ನೆಲದ ಕೆಳಗಿನ ಮರದ ಹಲಗೆಗೆ ಶಾಖ ತಟ್ಟಬಾರದು. ಕೊನೆಗೆ, ತಣ್ಣಗಿರುವ ಎಂಜಿನ್ನಿನ ಹೊಗೆಕೊಳವೆಗೆ ಹಿಂದಿನಿಂದ ಗಾಳಿ ಊದಿ, ಕೀಲುಗಳಿಗೆಲ್ಲ ಸಾಬೂನು ನೀರು ಹಚ್ಚಿ ನೋಡಿ. ಸೈಕಲ್ ಅಂಗಡಿಯವನು ಪಂಕ್ಚರ್ ಹುಡುಕುವ ಹಾಗೆ, ಗುಳ್ಳೆ ಎದ್ದಲ್ಲಿ ಸೋರಿಕೆಯಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದನ್ನು ಮುಟ್ಟಬೇಡಿ. ಸೈಲೆನ್ಸರ್ ಮೊದಲಿನಷ್ಟೇ ಸೌಮ್ಯವಾಗಿರಲಿ. ಮಲಗುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಗಂಟೆ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ನೋಡದೆ ಒಂದು ರಾತ್ರಿಯೂ ಅದರಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಹಾಗೆಯೇ ಊರಿನ ಓದುಗರಲ್ಲಿಯೂ ಒಂದು ಕೋರಿಕೆ. ನಮ್ಮ ಜೀಪಿನ ಕೊಳವೆ ಈಗ ರಿಪೇರಿಯಾಗಿದೆ. ಬಳಗದ ಮುಂದಿನ ಸಭೆಗೆ ಬರುವವರು ತಮ್ಮ ತಮ್ಮ ವಾಹನಗಳ ಹೊಗೆಕೊಳವೆಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ಪರೀಕ್ಷಿಸಿಕೊಂಡು ಬನ್ನಿ. ನೋಡಲು ಬಾರದವರಿಗೆ ಸಭೆ ಮುಗಿದ ಮೇಲೆ ನಾವೇ ನೋಡಿಕೊಡುತ್ತೇವೆ. ಒಂದು ಬಕೆಟ್ ಸಾಬೂನು ನೀರು ಸಿದ್ಧವಿರುತ್ತದೆ.

– ಸಂಪಾದಕ ಮಂಡಳಿ